ಮೂರು ಸಲ ಸುಟ್ಟ ಬೋರ್ ಮೋಟರು: ತಪ್ಪು ರೋಟರಿನ ಮ್ಯಾಗ್ನೆಟ್ಟಿನದೇ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು. ಬೋರು 640 ಅಡಿ, 7.5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟರನ್ನು 560 ಅಡಿಗೆ ಬಿಟ್ಟಿದ್ದೇವೆ. ಬೋರಿನ ಬಾಯಿಂದ ಪ್ಯಾನಲ್ ಬೋರ್ಡಿಗೆ ಇನ್ನೂ 120 ಅಡಿ. ಕೇಬಲ್ 4 ಸ್ಕ್ವೇರ್ ಎಂಎಂ ತಾಮ್ರದ್ದು. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ವೈಂಡಿಂಗ್ ಸುಟ್ಟಿದೆ. ಮೊದಲ ಎರಡು ಸಲ ಬಿಚ್ಚಿದಾಗ ಕೆಲವು ಕಾಯಿಲ್ ಪೂರ್ತಿ ಕರಿಕಾಗಿದ್ದವು, ಕೆಲವು ಹೊಸದರ ಹಾಗೇ ಇದ್ದವು. ಮೂರನೇ ಸಲ ಏಪ್ರಿಲ್‌ನಲ್ಲಿ, ನೀರು ಗಾಳಿ ಬೆರೆತು ಬರುತ್ತಿದ್ದಾಗ, ಎಲ್ಲಾ ಕಾಯಿಲೂ ಸುಟ್ಟವು. ಹಗಲು ಮೂರು ಫೇಸಿನ ನಡುವೆ 350, 340, 318 ವೋಲ್ಟ್ ತೋರಿಸುತ್ತದೆ. ಮೊದಲು 15 ಆಂಪ್ಸ್ ಎಳೆಯುತ್ತಿದ್ದ ಮೋಟರು ಈಗ 18 ಎಳೆಯುತ್ತಿದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯನ್ನು (ಆಂಪ್ಸ್ ಮಿತಿ ಮೀರಿದರೆ ಮೋಟರು ನಿಲ್ಲಿಸುವ ಸಾಧನ) 22ಕ್ಕೆ ತಿರುಗಿಸಿಟ್ಟಿದ್ದೇವೆ. ರಾತ್ರಿ ಕೆಲವೊಮ್ಮೆ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸುತ್ತೇವೆ. ವೈಂಡಿಂಗ್ ಅಂಗಡಿಯವರು "ರೋಟರಿನ ಮ್ಯಾಗ್ನೆಟ್ ಪವರ್ ಹೋಗಿದೆ, ರೋಟರ್ ಬದಲಿಸಿ" ಅನ್ನುತ್ತಾರೆ. ಪಕ್ಕದ ತೋಟದವರು 10 ಎಚ್‌ಪಿ ಹಾಕಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ರೋಟರಿಗೆ, ಅಂದರೆ ಮೋಟರಿನೊಳಗೆ ತಿರುಗುವ ಭಾಗಕ್ಕೆ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಬಿಚ್ಚಿಟ್ಟಿರುವ ಆ ರೋಟರಿಗೆ ಒಂದು ಗುಂಡುಸೂಜಿ ಹಿಡಿದು ನೋಡಿ. ಅಂಟುವುದಿಲ್ಲ. ಅವರು ಮಾರುವ ಹೊಸ ರೋಟರಿಗೆ ಹಿಡಿದರೂ ಅಂಟುವುದಿಲ್ಲ. ನಿಮ್ಮ ಮೋಟರಿನ ಜಾತಿಗೆ ಇಂಡಕ್ಷನ್ ಮೋಟರ್ ಎಂದು ಹೆಸರು. ಅದರ ರೋಟರಿನಲ್ಲಿ ಅಯಸ್ಕಾಂತವೇ ಇರುವುದಿಲ್ಲ. ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಒತ್ತೊತ್ತಾಗಿ ಪೇರಿಸಿ, ಅವುಗಳ ತೂತುಗಳಲ್ಲಿ ತಾಮ್ರದ ಸರಳುಗಳನ್ನು ತೂರಿಸಿ, ಎರಡೂ ತುದಿಯಲ್ಲಿ ತಾಮ್ರದ ಬಳೆಯಿಂದ ಬೆಸೆದಿರುತ್ತಾರೆ, ಅಷ್ಟೆ. ಹೊರಗಿನಿಂದ ಒಂದು ತಂತಿಯೂ ಅದಕ್ಕೆ ಹೋಗುವುದಿಲ್ಲ. ಇಲ್ಲದ ಪವರ್ ಹೋಗುವುದಾದರೂ ಹೇಗೆ?

ಆ ಮಾತು ಪೂರಾ ಗಾಳಿಮಾತೂ ಅಲ್ಲ. ಕರೆಂಟು ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನು, ಎಲೆಕ್ಟ್ರಿಕ್ ಸ್ಕೂಟರಿನ ಚಕ್ರದೊಳಗಿನ ಮೋಟರು, ಕೆಲವು ಸೋಲಾರ್ ಪಂಪುಗಳ ಮೋಟರುಗಳಲ್ಲಿ ನಿಯೋಡಿಮಿಯಂ ಅಯಸ್ಕಾಂತ ನಿಜವಾಗಿಯೂ ಇರುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಆದರೆ ಅಂಥ ಮೋಟರು ಕಂಟ್ರೋಲರ್ ಇಲ್ಲದೆ ತಿರುಗದು. ಮಾಮೂಲಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಓಡುವ ನಿಮ್ಮ ಮೋಟರು ಅದಲ್ಲ.

ಹಾಗಾದರೆ ಅಯಸ್ಕಾಂತವಿಲ್ಲದ ರೋಟರು ತಿರುಗುವುದು ಹೇಗೆ? ಇದೊಂದು ತಿಳಿದರೆ ಮೂರು ಸಲ ಸುಟ್ಟದ್ದಕ್ಕೂ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕರೆಂಟು ಹರಿಯುವ ತಂತಿಯ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ನೋಡಿ ಕಂಡುಕೊಂಡದ್ದು ಇದನ್ನೇ. ಅಯಸ್ಕಾಂತವು ತಂತಿಯ ಸುರುಳಿಯನ್ನು ಹಾದು ಸರಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ. ನಿಮ್ಮ ಮೋಟರಿನೊಳಗೆ ಈ ಎರಡೂ ಒಂದೇ ಹೊತ್ತಿಗೆ ನಡೆಯುತ್ತವೆ.

ರೋಟರಿನ ಸುತ್ತ ತಿರುಗದೆ ನಿಂತಿರುವ ಹೊರಭಾಗಕ್ಕೆ ಸ್ಟೇಟರ್ ಎನ್ನುತ್ತಾರೆ. ಅದರಲ್ಲಿ ಮೂರು ಫೇಸಿಗೆ ಮೂರು ಪಾಲು ಕಾಯಿಲ್ ಇವೆ. ಮೂರು ಫೇಸಿನ ಕರೆಂಟು ಒಟ್ಟಿಗೆ ಏರುವುದಿಲ್ಲ, ಒಂದರ ಹಿಂದೆ ಒಂದು, ಸೆಕೆಂಡಿನ ನೂರೈವತ್ತನೇ ಒಂದು ಭಾಗದ ಅಂತರದಲ್ಲಿ ಏರುತ್ತದೆ. ಹಾಗಾಗಿ ಅಯಸ್ಕಾಂತದ ಬಲ ಮೊದಲು ಒಂದು ಪಾಲಿನಲ್ಲಿ, ಆಮೇಲೆ ಮುಂದಿನದರಲ್ಲಿ, ಆಮೇಲೆ ಅದರ ಮುಂದಿನದರಲ್ಲಿ ಹೆಚ್ಚುತ್ತಾ ಸುತ್ತುತ್ತದೆ. ಕಾಯಿಲ್ ಇದ್ದಲ್ಲೇ ಇರುತ್ತದೆ, ಬಲ ಮಾತ್ರ ಸುತ್ತು ಹೊಡೆಯುತ್ತದೆ. ಸೆಕೆಂಡಿಗೆ 50 ಆವರ್ತವಾದರೆ ನಿಮಿಷಕ್ಕೆ 3000 ಸುತ್ತು. (ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದದ್ದು 25 ಸೈಕಲ್ ಕರೆಂಟು. ಆ ಕರೆಂಟಿನಲ್ಲಿ ಇದೇ ವೈಂಡಿಂಗಿನ ಬಲ 1500 ಸುತ್ತಷ್ಟೇ ಸುತ್ತುತ್ತಿತ್ತು.) ದೊಡ್ಡ ಬೀಸೋಕಲ್ಲಿಗೆ ಮೂವರು ಸುತ್ತ ಕೂತು, ಗೂಟ ತಮ್ಮ ಮುಂದೆ ಬಂದಾಗೆಲ್ಲ ಒಬ್ಬೊಬ್ಬರಾಗಿ ತಳ್ಳಿದರೆ ಕಲ್ಲು ಎಲ್ಲೂ ನಿಲ್ಲದೆ ತಿರುಗುತ್ತದಲ್ಲ, ಹಾಗೆ.

ಈ ಸುತ್ತುವ ಬಲ ರೋಟರಿನ ತಾಮ್ರದ ಸರಳುಗಳನ್ನು ಹಾದು ಹೋಗುವಾಗ ಅವುಗಳಲ್ಲಿ ಕರೆಂಟು ಹುಟ್ಟುತ್ತದೆ. ಸರಳಿನಲ್ಲಿ ಕರೆಂಟು ಬಂದ ಕೂಡಲೇ ಅದೂ ಅಯಸ್ಕಾಂತವಾಗಿ, ಸುತ್ತುವ ಬಲ ಅದನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಆದರೆ ರೋಟರು 3000 ಸುತ್ತನ್ನು ಎಂದೂ ಮುಟ್ಟುವುದಿಲ್ಲ. ಮುಟ್ಟಿದರೆ ಬಲವೂ ಸರಳೂ ಜೊತೆಜೊತೆಗೆ ಹೋಗುತ್ತವೆ, ಹಾದುಹೋಗುವುದು ನಿಲ್ಲುತ್ತದೆ, ಕರೆಂಟೂ ಇಲ್ಲ, ಎಳೆತವೂ ಇಲ್ಲ. ಅದಕ್ಕೇ ನಾಮಫಲಕದ ಮೇಲೆ 2850ರ ಆಸುಪಾಸಿನ ಅಂಕಿ ಇರುತ್ತದೆ. ಈ ನೂರೈವತ್ತು ಸುತ್ತಿನ ಹಿಂದುಳಿಕೆಯಿಂದಲೇ ಮೋಟರಿಗೆ ಬಲ ಬರುವುದು. ಪಂಪಿನ ಭಾರ ಹೆಚ್ಚಾದರೆ ರೋಟರು ಇನ್ನಷ್ಟು ಹಿಂದೆ ಬೀಳುತ್ತದೆ, ಸರಳಿನ ಕರೆಂಟು ಹೆಚ್ಚುತ್ತದೆ, ಅದಕ್ಕೆ ಸರಿಯಾಗಿ ಸ್ಟೇಟರು ಲೈನಿನಿಂದ ಹೆಚ್ಚು ಆಂಪ್ಸ್ ಎಳೆಯುತ್ತದೆ. ನಿಂತಿರುವ ರೋಟರು ಅತಿ ಹಿಂದೆ ಬಿದ್ದ ರೋಟರು. ಗುಂಡಿ ಒತ್ತಿದ ಕ್ಷಣ ಆಂಪ್ಸ್ ಮುಳ್ಳು ಐದಾರು ಪಟ್ಟು ಜಿಗಿಯುವುದು ಅದಕ್ಕೇ.

ನಿಮ್ಮ ಸಮಸ್ಯೆಯ ಬೇರು ಇಲ್ಲೇ ಇದೆ. ಭಾರ ಎಷ್ಟು ಕೇಳುತ್ತದೋ ಅಷ್ಟು ಕರೆಂಟು ಎಳೆಯುವುದಷ್ಟೇ ಮೋಟರಿಗೆ ಗೊತ್ತು. ತನ್ನ ತಂತಿ ಅದನ್ನು ತಾಳುತ್ತದೋ ಇಲ್ಲವೋ ನೋಡುವ ಬುದ್ಧಿ ಅದಕ್ಕಿಲ್ಲ. ಆ ಕೆಲಸ ಪ್ಯಾನಲ್ ಬೋರ್ಡಿನದು. ನೀವು ಆ ಬೋರ್ಡಿನ ಕೈ ಕಟ್ಟಿದ್ದೀರಿ.

ಮೊದಲೆರಡು ಸಲ ಸುಟ್ಟದ್ದು ನೋಡೋಣ. 3000 ಸುತ್ತಿನ ಮೋಟರಿನಲ್ಲಿ ಕಾಯಿಲ್ ಆರು ಗುಂಪಾಗಿ ಕೂತಿರುತ್ತವೆ, ಒಂದೊಂದು ಫೇಸಿಗೆ ಎದುರುಬದುರಾಗಿ ಎರಡೆರಡು. ಒಳಗೆ ಸ್ಟಾರ್ ಜೋಡಣೆಯಿದ್ದು (ಮೂರೂ ಫೇಸಿನ ಕಾಯಿಲುಗಳ ಒಂದೊಂದು ತುದಿಯನ್ನು ಒಂದೇ ಕಡೆ ಕೂಡಿಸಿದ್ದು) ನಾಲ್ಕು ಗುಂಪು ಕರಿಕಾಗಿ, ಎದುರುಬದುರಿನ ಎರಡು ಗುಂಪು ಹೊಸದರಂತಿದ್ದರೆ ಒಂದು ಫೇಸ್ ಕಡಿದಿತ್ತೆಂದೇ ಅರ್ಥ. ಡೆಲ್ಟಾ ಜೋಡಣೆಯಲ್ಲಿ (ತುದಿಗೆ ತುದಿ ಸೇರಿಸಿ ತ್ರಿಕೋನ ಮಾಡಿದ್ದು) ಇದು ತಿರುವುಮುರುವು, ಎರಡು ಗುಂಪು ಸುಟ್ಟು ನಾಲ್ಕು ಉಳಿಯುತ್ತವೆ. ಯಾವ ಗುಂಪು ಸುಟ್ಟಿತ್ತೆಂದು ಅಂಗಡಿಯವರನ್ನು ಕೇಳಿ. ಇನ್ನು ಮುಂದೆ ಬಿಚ್ಚುವಾಗ ಎದುರಿಗೆ ನಿಂತು ಒಂದು ಫೋಟೋ ತೆಗೆದುಕೊಳ್ಳಿ. ಅಂಗಡಿಯವರು ಹೇಳುವ ಕಾರಣಕ್ಕಿಂತ ಆ ಫೋಟೋ ಹೆಚ್ಚು ಹೇಳುತ್ತದೆ.

ಓಡುತ್ತಿರುವಾಗ ಒಂದು ಫೇಸ್ ಹೋದರೆ ಮೋಟರು ನಿಲ್ಲುವುದಿಲ್ಲ. ಮೂವರಲ್ಲಿ ಒಬ್ಬರು ಎದ್ದು ಹೋದರೂ ಓಟದಲ್ಲಿರುವ ಕಲ್ಲು ನಿಲ್ಲದು, ಭಾರವೆಲ್ಲ ಉಳಿದವರ ಮೇಲೆ ಬೀಳುತ್ತದೆ. ಅದೇ ಭಾರ ಹೊರಲು ಉಳಿದೆರಡು ಲೈನಿನ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಮೂರು ಪಟ್ಟು. ನಿಂತ ಮೋಟರಿಗೆ ಎರಡೇ ಫೇಸ್ ಕೊಟ್ಟರೆ ಇನ್ನೂ ಕೆಟ್ಟದ್ದು. ಬಲ ಸುತ್ತುವುದಿಲ್ಲ, ಇದ್ದಲ್ಲೇ ಹಿಂದೆ ಮುಂದೆ ತುಯ್ಯುತ್ತದೆ. ಮೋಟರು ಗುಂಯ್‌ಗುಡುತ್ತಾ ನಿಂತಲ್ಲೇ ಬೇಯುತ್ತದೆ.

"ಪ್ಯಾನಲಿನಲ್ಲಿ ಒಂದು ಫೇಸ್ ಕಡಿದರೆ ಮೋಟರು ನಿಲ್ಲಿಸುವ ಪ್ರಿವೆಂಟರ್ ಇದೆಯಲ್ಲ, ಅದು ಯಾಕೆ ಹಿಡಿಯಲಿಲ್ಲ?" ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಕಾರಣ ಸ್ವಾರಸ್ಯವಾಗಿದೆ. ಓಡುತ್ತಿರುವ ರೋಟರು ಅಯಸ್ಕಾಂತವಾಗಿರುತ್ತದೆ ಎಂದೆನಲ್ಲ, ಅದು ಸುತ್ತುತ್ತಾ ಕಡಿದುಹೋದ ಫೇಸಿನ ಕಾಯಿಲಿನಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಮೋಟರೇ ಡೈನಮೋ ಆಗಿ ಸತ್ತ ಫೇಸಿಗೆ ಜೀವ ತುಂಬುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ, ವೋಲ್ಟೇಜ್ ಮಾತ್ರ ನೋಡುವ ಅಗ್ಗದ ಪ್ರಿವೆಂಟರು "ಮೂರೂ ಇದೆ" ಎಂದು ಸುಮ್ಮನಾಗುತ್ತದೆ. ಕೇಬಲ್ ಜಾಯಿಂಟು ಬೋರಿನೊಳಗೆ ಬಿಟ್ಟುಕೊಂಡರಂತೂ ಪ್ಯಾನಲಿನಲ್ಲಿ ವೋಲ್ಟೇಜ್ ಸರಿಯಾಗೇ ಇರುತ್ತದೆ. ಅದಕ್ಕೇ ಮೂರೂ ತಂತಿಯ ಕರೆಂಟನ್ನು ಅಳೆದು, ಒಂದು ಇಳಿದರೆ ಕೆಲವೇ ಸೆಕೆಂಡಿನಲ್ಲಿ ಬಿಡಿಸುವ ಕರೆಂಟ್ ಸೆನ್ಸಿಂಗ್ ಪ್ರಿವೆಂಟರ್ ಬೇಕು. ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ: ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ 11 ಕೆವಿ ಕಡೆ ಒಂದು ಫ್ಯೂಸ್ ಹೋದರೆ ಕೆಳಗೆ ಯಾವ ಫೇಸೂ ಸೊನ್ನೆಯಾಗುವುದಿಲ್ಲ. ಒಂದು ಫೇಸ್ ಸರಿಯಾಗಿದ್ದು, ಎರಡರಲ್ಲಿ ನ್ಯೂಟ್ರಲಿಗೆ ಅರ್ಧರ್ಧ ವೋಲ್ಟೇಜ್ ಕಾಣುತ್ತದೆ. ಮನೆಯ ಬಲ್ಬು ಮಂಕಾಗಿ ಉರಿಯುತ್ತಿದ್ದರೆ ಮೋಟರಿನ ತಂಟೆಗೆ ಹೋಗಬೇಡಿ.

ರಾತ್ರಿಯ ಕಂಡೆನ್ಸರ್ ಓಟವೂ ಇದೇ ಗೋಳಿನ ತಮ್ಮ. ಇಲ್ಲದ ಮೂರನೇ ಫೇಸನ್ನು ಕಂಡೆನ್ಸರ್ ನಟಿಸಿ ತೋರಿಸುತ್ತದೆ. ಅದರ ಅಳತೆ ಒಂದು ನಿರ್ದಿಷ್ಟ ಭಾರಕ್ಕೆ ಮಾತ್ರ ಹೊಂದುತ್ತದೆ. ಸ್ಟಾರ್ಟ್ ಆಗಲು ಹೆಚ್ಚು ಮೈಕ್ರೋಫ್ಯಾರಡ್ ಬೇಕು, ಓಡಲು ಕಡಿಮೆ ಸಾಕು. ಸ್ಟಾರ್ಟಿನ ಕಂಡೆನ್ಸರನ್ನು ಕಡಿಯಲು ಮರೆತರೆ ಮೂರನೇ ಕಾಯಿಲಿಗೆ ವೋಲ್ಟೇಜು ಮಿತಿಮೀರುತ್ತದೆ. ಕಡಿದರೂ ಬೋರಿನ ನೀರಿನ ಮಟ್ಟ ಬದಲಾದಂತೆ ಹೊಂದಾಣಿಕೆ ತಪ್ಪಿ ಒಂದು ಕಾಯಿಲು ಹೆಚ್ಚು ಹೊರುತ್ತದೆ. ಮೋಟರಿನ ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿಯನ್ನಷ್ಟೇ ಹೀಗೆ ನೆಮ್ಮದಿಯಾಗಿ ಪಡೆಯಬಹುದು, ಆದರೆ 560 ಅಡಿಯ ಪಂಪು ಪೂರ್ತಿ ಕೇಳುತ್ತದೆ. ಹಗಲು ಏಳು ಗಂಟೆಯ ತ್ರೀ ಫೇಸ್ ಸಾಲದೆ ಬೆಳೆ ಒಣಗುವಾಗ ರೈತರು ಯಾಕೆ ಇದಕ್ಕೆ ಕೈಹಾಕುತ್ತಾರೆಂದು ತಿಳಿಯದ ವಿಷಯವೇನಲ್ಲ. ಆದರೆ ಮೋಟರ್ ಎತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಬಿಡುವ ಖರ್ಚನ್ನು ಆ ರಾತ್ರಿಗಳ ನೀರಿಗೆ ಹಂಚಿ ನೋಡಿ, ಟ್ಯಾಂಕರಿನ ನೀರೇ ಅಗ್ಗ ಅನ್ನಿಸುತ್ತದೆ. ಇನ್ನು, ಕರೆಂಟ್ ಸೆನ್ಸಿಂಗ್ ಪ್ರಿವೆಂಟರ್ ಇದ್ದರೆ ಈ ಓಟ ಸಾಧ್ಯವೇ ಇಲ್ಲ, ಅದು ಬಿಡಿಸಿಬಿಡುತ್ತದೆ. ಅದಕ್ಕೇ ಕಂಡೆನ್ಸರ್ ಹಾಕುವವರು ಮೊದಲು ಪ್ರಿವೆಂಟರನ್ನು ಬೈಪಾಸ್ ಮಾಡುತ್ತಾರೆ, ಬೆಳಿಗ್ಗೆ ಅದನ್ನು ಸರಿಪಡಿಸಲು ಮರೆಯುತ್ತಾರೆ. ನಿಮ್ಮಲ್ಲೂ ಹಾಗಾಗಿದೆಯೇ ಎಂದು ತಂತಿ ನೋಡಿಸಿ.

ಈಗ ವೋಲ್ಟೇಜ್. 350, 340, 318ರ ಸರಾಸರಿ 336. ಪ್ಯಾನಲಿನಿಂದ ಮೋಟರಿಗೆ ಕೇಬಲು 680 ಅಡಿ, ಅಂದರೆ 207 ಮೀಟರ್. 4 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 4.6 ಓಮ್ ತಡೆ. 15 ಆಂಪ್ಸ್ ಹರಿದರೆ ದಾರಿಯಲ್ಲೇ 20 ವೋಲ್ಟ್ ಕಳೆಯುತ್ತದೆ. ಮೋಟರಿಗೆ ಸಿಗುವುದು 316, ಬೇಕಾದದ್ದು 415. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕೈಗೆ ಸಿಗುವುದು ನೂರಕ್ಕೆ 58 ಭಾಗ ಮಾತ್ರ. ಸ್ಟಾರ್ಟಿನ ಹೊತ್ತಿಗೆ ಆರು ಪಟ್ಟು ಕರೆಂಟು ಹರಿದಾಗ ಕೇಬಲೊಂದೇ 70 ವೋಲ್ಟಿನ ಮೇಲೆ ನುಂಗುತ್ತದೆ. ಅಯಸ್ಕಾಂತದ ಪವರ್ ಹೋದದ್ದು ನಿಜವೇ, ಹೋದದ್ದು ರೋಟರಿನಲ್ಲಲ್ಲ, ಲೈನಿನಲ್ಲಿ. ಸ್ಟೇಟರಿನ ಬಲ ಸೊರಗಿದೆ, ರೋಟರು ಹೆಚ್ಚು ಹಿಂದೆ ಬೀಳುತ್ತಿದೆ, ಅದಕ್ಕೇ 15 ಹೋಗಿ 18 ಆಂಪ್ಸ್ ಆಗಿದೆ. ಈ ಮೂರು ಆಂಪ್ಸಿಗೆ ಶಾಖ 1.44 ಪಟ್ಟು.

ಅದರ ಮೇಲೆ ಫೇಸುಗಳ ನಡುವಿನ ತಾರತಮ್ಯ. ಸರಾಸರಿ 336ರಿಂದ ಅತಿ ದೂರ ಇರುವುದು 318, ವ್ಯತ್ಯಾಸ 18, ಅಂದರೆ ಶೇಕಡ 5.4. ಈ ಶೇಕಡಾವಾರನ್ನು ಅದರಿಂದಲೇ ಗುಣಿಸಿ ಎರಡು ಪಟ್ಟು ಮಾಡಿದರೆ ವೈಂಡಿಂಗಿನ ಬಿಸಿಯೇರಿಕೆ ಶೇಕಡ ಎಷ್ಟು ಹೆಚ್ಚುತ್ತದೆಂಬ ಅಂದಾಜು ಸಿಗುತ್ತದೆ. ನಿಮ್ಮದು 57. ಶೇಕಡ 5 ದಾಟಿದರೆ ಓಡಿಸಲೇಬಾರದು ಎಂಬುದು ಈ ಕಸುಬಿನವರು ಒಪ್ಪಿರುವ ಮಿತಿ. ಇಷ್ಟಾದರೂ ರಿಲೇ ನಿಮ್ಮನ್ನು ಕಾಯುತ್ತಿತ್ತು. ಅದನ್ನು 22ಕ್ಕೆ ತಿರುಗಿಸಿದ್ದು ಕಾವಲು ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದಂತಾಯಿತು. ನಾಮಫಲಕದಲ್ಲಿ ಎಷ್ಟು ಆಂಪ್ಸ್ ಇದೆಯೋ ಅಷ್ಟಕ್ಕೇ ಇಡಿ. ಟ್ರಿಪ್ ಆಗುತ್ತದೆಯೇ, ಆಗಲಿ.

ಏಪ್ರಿಲ್‌ನಲ್ಲಿ ಸುಟ್ಟದ್ದು ಬೇರೆ ಕಥೆ. ಎಲ್ಲ ಕಾಯಿಲೂ ಸಮವಾಗಿ ಸುಟ್ಟರೆ ಫೇಸಿನ ದೋಷವಲ್ಲ. ಒಂದೋ ಅತಿಭಾರ, ಇಲ್ಲವೇ ತಂಪು ಸಿಗಲಿಲ್ಲ. ನೀರು ತುಂಬುವ ಜಾತಿಯ ಮೋಟರಿನಲ್ಲಿ ಕಾಯಿಲಿನ ತಂತಿಯ ಹೊದಿಕೆ ಪಿವಿಸಿಯದಾದರೆ 70 ಡಿಗ್ರಿಯ ಆಚೆ ಮೆತ್ತಗಾಗುತ್ತದೆ. ಅದನ್ನು ತಣ್ಣಗಿಡುವುದು ಮೈ ಸವರಿಕೊಂಡು ಹರಿಯುವ ಬೋರಿನ ನೀರು. ನೀರು ಮುಗಿದು ಪಂಪು ಗಾಳಿ ಎಳೆದಾಗ ಆ ಹರಿವು ನಿಲ್ಲುತ್ತದೆ. ಪಂಪಿನ ಒತ್ತಡವನ್ನು ಹೊರುವ, ನೀರಿನಲ್ಲೇ ಜಾರುವ ಥ್ರಸ್ಟ್ ಬೇರಿಂಗೂ ಆಗಲೇ ಸವೆಯುವುದು. ಇಲ್ಲಿ ಓವರ್‌ಲೋಡ್ ರಿಲೇ ಉಪಯೋಗಕ್ಕೆ ಬಾರದು: ನೀರೆತ್ತದ ಪಂಪಿಗೆ ಭಾರ ಕಡಿಮೆ, ಆಂಪ್ಸ್ ಏರುವ ಬದಲು ಇಳಿಯುತ್ತದೆ. ಇಳಿದದ್ದನ್ನು ಗುರುತಿಸಿ ನಿಲ್ಲಿಸುವ ಡ್ರೈ ರನ್ ಪ್ರೊಟೆಕ್ಷನ್ ಬೇರೆಯೇ ಬೇಕು. ನೀರು ಬರುವ ಸೆಲೆ ಪಂಪಿಗಿಂತ ಮೇಲಿದ್ದರೂ ಇದೇ ತೊಂದರೆ. ನೀರು ಮೇಲಿಂದ ಇಳಿದು ನೇರ ಪಂಪಿನ ಬಾಯಿಗೆ ಹೋಗುತ್ತದೆ, ಅದರ ಕೆಳಗಿರುವ ಮೋಟರು ನಿಂತ ನೀರಿನಲ್ಲಿ ಕೂತಿರುತ್ತದೆ. ಮೋಟರಿಗೆ ಹೊದಿಕೆ ಪೈಪು ತೊಡಿಸಿ ನೀರನ್ನು ಕೆಳಗಿನಿಂದ ಬರುವಂತೆ ಮಾಡಬಹುದು. ಆದರೆ ಆರೂವರೆ ಇಂಚಿನ ಬೋರಿಗೆ ಆರು ಇಂಚಿನ ಮೋಟರು ಬಿಟ್ಟಿದ್ದರೆ ಅದಕ್ಕೆ ಜಾಗವಿರುವುದಿಲ್ಲ.

10 ಎಚ್‌ಪಿಯ ಸಲಹೆ ಬೇಡ. ಬೋರಿನಲ್ಲಿ ನೀರು ಅಷ್ಟೇ ಇದೆ, ಲೈನೂ ಅದೇ, ಕೇಬಲೂ ಅದೇ. ದೊಡ್ಡ ಮೋಟರು ಹೆಚ್ಚು ಕರೆಂಟು ಎಳೆದು ವೋಲ್ಟೇಜನ್ನು ಇನ್ನೂ ಬೀಳಿಸುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ ಗಾಳಿ ಎಳೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ದೋಷ ಲೈನಿನದೋ ಮೋಟರಿನದೋ ಎಂದು ತಿಳಿಯಬೇಕು. ಅದಕ್ಕೆ ತಂತಿಯನ್ನು ಹೊರಗಿನಿಂದ ಕಚ್ಚಿ ಆಂಪ್ಸ್ ತೋರಿಸುವ ಒಂದು ಟಾಂಗ್ ಟೆಸ್ಟರ್ ಸಾಕು. ಮೋಟರು ಓಡುವಾಗ ಕೆಂಪು, ಹಳದಿ, ನೀಲಿ ಮೂರೂ ತಂತಿಯ ಆಂಪ್ಸ್ ಬರೆದುಕೊಳ್ಳಿ. ನಿಲ್ಲಿಸಿ, ಮೈನ್ ತೆಗೆದು, ಮೋಟರಿನ ಮೂರು ತಂತಿಗಳನ್ನು ಸ್ಟಾರ್ಟರಿನಲ್ಲಿ ಒಂದೊಂದು ಮನೆ ಮುಂದಕ್ಕೆ ಹಾಕಿಸಿ: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ. ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಸುತ್ತುವ ಬಲದ ದಿಕ್ಕೇ ತಿರುಗಿ ಪಂಪು ಉಲ್ಟಾ ಓಡುತ್ತದೆ, ನೀರು ಅಷ್ಟಿಷ್ಟೇ ಬರುತ್ತದೆ. ಮೂರನ್ನೂ ಸರಿಸಿದರೆ ದಿಕ್ಕು ಬದಲಾಗದು. ಈಗ ಮತ್ತೆ ಅಳೆಯಿರಿ. ಹೆಚ್ಚಿನ ಆಂಪ್ಸ್ ಅದೇ ಬಣ್ಣದ ತಂತಿಯ ಜೊತೆ ಹೋದರೆ ದೋಷ ಮೋಟರಿನದು ಅಥವಾ ಕೇಬಲಿನದು. ಸ್ಟಾರ್ಟರಿನ ಅದೇ ಮನೆಯಲ್ಲಿ ಉಳಿದರೆ ದೋಷ ಲೈನಿನದು, ಅಂಕಿಗಳನ್ನು ಹಿಡಿದು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ. "ವೋಲ್ಟೇಜ್ ಕಡಿಮೆ" ಅನ್ನುವುದಕ್ಕಿಂತ "ಇಂಥ ಫೇಸಿನಲ್ಲಿ ಇಷ್ಟು" ಎಂದರೆ ಟಿಸಿಯ ಭಾರ ಹಂಚಲು ಅವರಿಗೂ ದಾರಿ ಸಿಗುತ್ತದೆ. ಇದು 415 ವೋಲ್ಟಿನ ಕೆಲಸ, ಒದ್ದೆ ಕಾಲಿನಲ್ಲಿ ಮಾಡುವುದಲ್ಲ. ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಿವೆಂಟರ್, ಡ್ರೈ ರನ್, ಸರಿಯಾದ ರಿಲೇ ಮೂರಕ್ಕೂ ಮೊದಲ ಖರ್ಚು ಹಾಕಿ. ಕೇಬಲನ್ನು 6 ಸ್ಕ್ವೇರ್ ಎಂಎಂ ಮಾಡಿದರೆ 20 ವೋಲ್ಟಿನ ನಷ್ಟ 13ಕ್ಕೆ ಇಳಿಯುತ್ತದೆ. ಒಳ್ಳೆಯದೇ, ಆದರೆ ಲೈನಿನ 336ನ್ನು ಅದು ಎತ್ತದು, ಹಾಗಾಗಿ ಮುಂದಿನ ಸಲ ಕೇಬಲ್ ಬದಲಿಸುವಾಗ ಸಾಕು. ವಿಎಫ್‌ಡಿ (ಕರೆಂಟಿನ ಆವರ್ತ ಬದಲಿಸಿ ಮೋಟರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ಹಾಕಿದರೆ ಸ್ಟಾರ್ಟಿನ ಜಿಗಿತ ಹೋಗುತ್ತದೆ, ಫೇಸುಗಳ ತಾರತಮ್ಯವೂ ಮೋಟರಿಗೆ ತಲುಪುವುದಿಲ್ಲ. ಅಪಾಯವೆಂದರೆ ಉದ್ದ ಕೇಬಲಿನ ಕೊನೆಯಲ್ಲಿ ಅದರ ವೋಲ್ಟೇಜು ಚಿಮ್ಮಿ ಕಾಯಿಲಿನ ಹೊದಿಕೆಯನ್ನು ತೂತು ಮಾಡಬಹುದು. 200 ಮೀಟರಿಗೆ ಔಟ್‌ಪುಟ್ ಫಿಲ್ಟರ್ ಇಲ್ಲದೆ ಹಾಕಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಅದರ ತಡವನ್ನು ಮೂರು ನಿಮಿಷಕ್ಕಾದರೂ ಏರಿಸಿ. ಎನ್‌ಆರ್‌ವಿ (ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಸೋರುತ್ತಿದ್ದರೆ ಕರೆಂಟ್ ಹೋದಾಗ ಪೈಪಿನ ನೀರು ಕೆಳಗಿಳಿಯುತ್ತಾ ಪಂಪನ್ನು ಉಲ್ಟಾ ತಿರುಗಿಸುತ್ತದೆ. ಆಗಲೇ ಮತ್ತೆ ಚಾಲೂ ಆದರೆ ಶಾಫ್ಟಿಗೆ ಪೆಟ್ಟು.

ವೈಂಡಿಂಗ್ ಮಾಡಿಸುವಾಗ ಹಳೆಯ ಸುತ್ತುಗಳ ಎಣಿಕೆ, ತಂತಿಯ ಗೇಜು ಎರಡೂ ಬದಲಾಗದಂತೆ ನೋಡಿಕೊಳ್ಳಿ. ಇಳಿಬಿಡುವ ಮುನ್ನ ಮೋಟರಿಗೆ ಶುದ್ಧ ನೀರು ತುಂಬಿಸಿ, ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಗುಳ್ಳೆ ಹೋದ ಮೇಲೆ ಕಡಿಮೆಯಾದಷ್ಟನ್ನು ಮತ್ತೆ ತುಂಬಿಸಬೇಕು. ಎಷ್ಟೋ ಕಡೆ ಇದನ್ನೇ ಮರೆಯುತ್ತಾರೆ. ಬೋರಿಗೆ ಇಳಿಸಿದ ಮೇಲೆ ಕೇಬಲ್ ಸಮೇತ 500 ವೋಲ್ಟಿನ ಮೆಗ್ಗರಿನಲ್ಲಿ (ಹೊದಿಕೆಯ ತಡೆ ಅಳೆಯುವ ಸಾಧನ) ನೋಡಿಸಿ: 2 ಮೆಗಾ ಓಮ್ ಮೇಲಿದ್ದರೆ ಚೆನ್ನ, ಅರ್ಧ ಮೆಗಾ ಓಮ್‌ಗಿಂತ ಕಡಿಮೆಯಿದ್ದರೆ ಓಡಿಸದೆ ವಾಪಸ್ ಎತ್ತಿಸಿ.

ರೋಟರು ಕೆಡುವುದೇ ಇಲ್ಲ ಎಂದಲ್ಲ. ಸರಳು ಮತ್ತು ಬಳೆಯ ಬೆಸುಗೆ ಬಿಟ್ಟುಕೊಳ್ಳಬಹುದು. ಆಗ ವೋಲ್ಟೇಜ್ ಸ್ಥಿರವಾಗಿದ್ದರೂ ಆಂಪ್ಸ್ ಮುಳ್ಳು ಒಂದೇ ಲಯದಲ್ಲಿ ತೂಗಾಡುತ್ತದೆ, ಮೋಟರು ಎತ್ತಿಕೊಳ್ಳಲು ಒದ್ದಾಡುತ್ತದೆ, ಬಿಚ್ಚಿದಾಗ ಬಳೆಯ ಹತ್ತಿರ ನೀಲಿಗಟ್ಟಿದ ಬಿರುಕು ಕಾಣುತ್ತದೆ. ಬುಷ್ ಸವೆದು ರೋಟರು ಸ್ಟೇಟರಿಗೆ ಉಜ್ಜಿರಲೂಬಹುದು. ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು ಅಷ್ಟೆ. ಉಜ್ಜಿದ್ದರೆ ರೋಟರಿನ ಮೈಮೇಲೆ ಹೊಳೆಯುವ ಗೀರುಗಳಿರುತ್ತವೆ. ಆ ಬಿರುಕನ್ನೋ ಗೀರನ್ನೋ ಅಂಗಡಿಯವರು ಬೆರಳಿಟ್ಟು ತೋರಿಸಿದರೆ ಬದಲಿಸಿ.